ಮೊದಲ್ನೇ ಮೋಟೋಕ್ರಾಸ್ ಬೈಕ್: ಟೂ-ಸ್ಟ್ರೋಕಾ, ಫೋರ್-ಸ್ಟ್ರೋಕಾ?

ಮೋಟೋಕ್ರಾಸ್ ಅಂದ್ರೆ ಮಣ್ಣಿನ ಟ್ರ್ಯಾಕಲ್ಲಿ ಓಡ್ಸೋ ರೇಸು. ಟೂ-ಸ್ಟ್ರೋಕ್ ಎಂಜಿನ್ನಲ್ಲಿ ಪ್ರತಿ ಸುತ್ತಿಗೂ ಒಮ್ಮೆ ಪೆಟ್ರೋಲ್ ಉರಿಯುತ್ತೆ, ಫೋರ್-ಸ್ಟ್ರೋಕಲ್ಲಿ ಎರಡು ಸುತ್ತಿಗೊಮ್ಮೆ. ಅದ್ಕೇ ಹೊಸಬ್ರು ಬರೀ ಸಿಸಿ ನೋಡಿ ಹೋಲಿಸ್ಬೇಡಿ, 125 ಟೂ-ಸ್ಟ್ರೋಕ್‌ಗೆ ಸಮ ಅಂತ ಲೆಕ್ಕ ಹಾಕೋದು 250 ಫೋರ್-ಸ್ಟ್ರೋಕ್‌ನ. ಯಮಾಹಾದ ಟೂ-ಸ್ಟ್ರೋಕ್ ವೈಝಡ್125 ಸುಮಾರು 95 ಕೆಜಿ, ಫೋರ್-ಸ್ಟ್ರೋಕ್ ವೈಝಡ್250ಎಫ್ ಸುಮಾರು 106 ಕೆಜಿ, ಬಿದ್ದ ಬೈಕನ್ನ ಮಣ್ಣಲ್ಲಿ ಎತ್ತುವಾಗ ಆ ವ್ಯತ್ಯಾಸ ಚೆನ್ನಾಗೇ ಗೊತ್ತಾಗುತ್ತೆ. ಫೋರ್-ಸ್ಟ್ರೋಕ್ ಕೆಳಗಿನ ಆರ್‌ಪಿಎಂನಿಂದ್ಲೇ (ಎಂಜಿನ್ ನಿಧಾನಕ್ಕೆ ಸುತ್ತುವಾಗ್ಲೇ) ಎಳೆಯುತ್ತೆ, ಥ್ರಾಟಲ್ ಬಿಟ್ರೆ ಎಂಜಿನ್ ಬ್ರೇಕಿಂಗೂ ಸಿಗುತ್ತೆ, ಅಂದ್ರೆ ಎಂಜಿನ್ನೇ ಬೈಕನ್ನ ನಿಧಾನ ಮಾಡುತ್ತೆ, ಓಡ್ಸೋಕೆ ಆರಾಮ. 125ರಲ್ಲಿ ಹಾಗಲ್ಲ, ದಮ್ಮೆಲ್ಲಾ ಮೇಲಿನ ಆರ್‌ಪಿಎಂನಲ್ಲೇ ಇರೋದ್ರಿಂದ ಕ್ಲಚ್ಚು ಗೇರು ಬಿಡದೆ ಆಡಿಸ್ತಾ ಇರ್ಬೇಕು, ಕೈ ಸೋಲುತ್ತೆ ನಿಜ, ಆದ್ರೆ ರೈಡಿಂಗ್ ಕಲಿಯೋದು ಅದ್ರಲ್ಲೇ ಅಂತ ನನ್ನ ಗಟ್ಟಿ ಅಭಿಪ್ರಾಯ.

ಖರ್ಚಿನ ವಿಷ್ಯಕ್ಕೂ ನನ್ನ ಓಟು ಟೂ-ಸ್ಟ್ರೋಕ್‌ಗೇ. ಫೋರ್-ಸ್ಟ್ರೋಕ್ ಹೆಡ್ಡಲ್ಲಿರೋ ಥರ ವಾಲ್ವು (ಗಾಳಿ, ಹೊಗೆ ಒಳಗೆ-ಹೊರಗೆ ಬಿಡೋ ಬಾಗಿಲು), ಅದನ್ನ ತೆರೆಯೋ ಕ್ಯಾಮು ಯಾವ್ದೂ ಇಲ್ಲ, ಟೂಲ್ಸ್ ಇದ್ರೆ ಪಿಸ್ಟನ್ ರಿಂಗು ಮನೇಲೇ ಬದ್ಲಾಯಿಸ್ಬಹುದು, ಪೆಟ್ರೋಲ್‌ಗೆ ಆಯಿಲ್ ಮಾತ್ರ ಮ್ಯಾನ್ಯುಯಲ್‌ನಲ್ಲಿರೋ ಅಳತೇಲೇ ಬೆರೆಸಿ, ಅಂದಾಜಲ್ಲಿ ಸುರೀಬೇಡಿ. ಫೋರ್-ಸ್ಟ್ರೋಕಲ್ಲಿ ಒಂದು ವಾಲ್ವ್ ಮುರಿದು ಒಳಗೆ ಬಿದ್ರೆ ಪಿಸ್ಟನ್ನು, ಹೆಡ್ಡು ಎಲ್ಲಾ ಹೋಗುತ್ತೆ.

ಸೆಕೆಂಡ್ ಹ್ಯಾಂಡ್ ಫೋರ್-ಸ್ಟ್ರೋಕ್ ನೋಡೋಕೆ ಹೋದ್ರೆ ಮೊದ್ಲೇ ಬಿಸಿ ಮಾಡಿ ಇಡ್ಬೇಡಿ ಅಂತ ಹೇಳಿ, ಎಂಜಿನ್ ತಣ್ಣಗಿರುವಾಗ್ಲೇ ನೀವೇ ಸ್ಟಾರ್ಟ್ ಮಾಡಿ, ಸ್ಟಾರ್ಟ್ ಆಗೋಕೆ ಒದ್ದಾಡಿದ್ರೆ ವಾಲ್ವ್ ಕ್ಲಿಯರೆನ್ಸ್ (ವಾಲ್ವ್‌ಗೂ ಅದನ್ನ ಒತ್ತೋ ಭಾಗಕ್ಕೂ ನಡುವಿನ ಸಂದು) ಚೆಕ್ ಮಾಡಿಸ್ದೆ ದುಡ್ಡು ಕೊಡ್ಬೇಡಿ.