ಮೌಸ್ ಮುಟ್ಟಬೇಡಿ ಅಂದ ಮೇಲೆ ಲ್ಯಾಬ್ ಸರಿಹೋಯಿತು

ಈ ಸಲ ಹೊಸ ಬ್ಯಾಚ್ ಬಂದ ಮೊದಲ ಸೋಮವಾರ ನಮ್ಮ ಕಂಪ್ಯೂಟರ್ ಲ್ಯಾಬಿನ ಮುಂದೆ ಕ್ಯೂ ಇರಲಿಲ್ಲ. ಹನ್ನೊಂದು ವರ್ಷದ ಸರ್ವಿಸಿನಲ್ಲಿ ಮೊದಲ ಸಲ ನಾನು ಆ ದಿನ ಹೊತ್ತಿಗೆ ಸರಿಯಾಗಿ ಊಟ ಮಾಡಿದೆ. ಹೊಸಬರಿಗೆ ಲಾಗಿನ್ ಕಲಿಸುವುದು ‘ಆಗದ ಕೆಲಸ’ ಅಂದವರೇ ಈಗ ಬಂದು ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನಮ್ಮದು ಸರ್ಕಾರಿ ವಿಶ್ವವಿದ್ಯಾಲಯ, ಹೆಸರು ಬೇಡ. ವರ್ಷಕ್ಕೆ ಸುಮಾರು 600 ಪಿಜಿ ಹುಡುಗರು ಬರುತ್ತಾರೆ. ಮೂರು ಲ್ಯಾಬ್, 110 ಚಿಲ್ಲರೆ ಮೆಷಿನ್, ವಿಂಡೋಸ್ ಡೊಮೇನ್, ಅಂದರೆ ಒಂದೇ ಅಕೌಂಟಿನಿಂದ ಯಾವ ಮೆಷಿನ್ನಿಗಾದರೂ ಲಾಗಿನ್; ವೈಫೈಗೂ ಅದೇ ಅಕೌಂಟ್. ಪ್ರತಿ ವರ್ಷ ಮೊದಲ ವಾರ 300ಕ್ಕೂ ಜಾಸ್ತಿ ದೂರು. ಅದರಲ್ಲಿ ಮುಕ್ಕಾಲು ಪಾಲು ಒಂದೇ ಮಾತು: ‘ಸರ್, ಪಾಸ್‌ವರ್ಡ್ ತಗೋತಿಲ್ಲ.’

ಮೊದಲು ಸೋತ ಕಥೆ. ಒಂದು ವರ್ಷ ಸಭಾಂಗಣದಲ್ಲಿ ಎಲ್ಲರನ್ನೂ ಕೂರಿಸಿ ಪ್ರೊಜೆಕ್ಟರ್ ಹಾಕಿ ಒಂದೂವರೆ ಗಂಟೆ ಮಾತಾಡಿದೆ. ಚಪ್ಪಾಳೆ ಹೊಡೆದರು. ಮಾರನೇ ದಿನ ಅದೇ ಕ್ಯೂ. ಮುಂದಿನ ವರ್ಷ 24 ಪುಟದ ಕೈಪಿಡಿ ಮಾಡಿಸಿದೆವು. ಒಂದಕ್ಕೆ 35 ರೂಪಾಯಿ, ಒಟ್ಟು 21,000 ಆಯಿತು. ಕ್ಯಾಂಟೀನಿನಲ್ಲಿ ಅದರ ಹಾಳೆ ಮೇಲೆ ಮೆಣಸಿನಕಾಯಿ ಬಜ್ಜಿ ಇಟ್ಟು ಕೊಟ್ಟಾಗ ನನಗೆ ಉತ್ತರ ಸಿಕ್ಕಿತು. ಆಮೇಲೆ ವಿಡಿಯೊ, 18,000. ಅದನ್ನು ನೋಡಬೇಕಾದರೆ ಮೊದಲು ವೈಫೈಗೆ ಲಾಗಿನ್ ಆಗಬೇಕಿತ್ತು! ಈ ಐಡಿಯಾ ಕೊಟ್ಟವನು ನಾನೇ, ಬೇರೆ ಯಾರನ್ನೂ ಬೈಯುವ ಹಾಗಿಲ್ಲ.

ಕೊನೆಗೆ ಒಂದು ದಿನ ಏನೂ ಹೇಳಿಕೊಡದೆ ಲ್ಯಾಬಿನ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತು ನೋಡಿದೆ. ಒಬ್ಬ ಹುಡುಗ ಮುಗಿಸಿ ಏಳುವಾಗ ಮಾನಿಟರಿನ ಬಟನ್ ಒತ್ತಿ ಆಫ್ ಮಾಡಿ ಹೋದ. ಅವನ ಲೆಕ್ಕಕ್ಕೆ ಕಂಪ್ಯೂಟರ್ ಬಂದ್ ಆಯಿತು. ಮುಂದೆ ಬಂದವನು ಮಾನಿಟರ್ ಹಾಕಿದರೆ ಮೊದಲನೆಯವನ ಮೇಲ್ ತೆರೆದೇ ಇದೆ. ಇನ್ನೊಂದು ಕಡೆ ಒಬ್ಬಳು ಹುಡುಗಿ ಬಾಗಿಲ ಹತ್ತಿರ ಮುಕ್ಕಾಲು ಗಂಟೆ ನಿಂತಿದ್ದಳು. ಹತ್ತು ಸೀಟು ಖಾಲಿ ಇತ್ತು. ಯಾಕಮ್ಮ ಅಂದರೆ, ‘ಸರ್, ನಂದು 17ನೇ ನಂಬರು. ನನ್ನ ಅಸೈನ್‌ಮೆಂಟ್ ಅದರೊಳಗಿದೆ, ಅವರು ಏಳಲಿ ಅಂತ ಕಾಯ್ತಿದೀನಿ.’ ಫೈಲ್ ಇದ್ದದ್ದು ಸರ್ವರಿನ ಎಚ್ ಡ್ರೈವಿನಲ್ಲಿ. ಯಾವ ಸೀಟಿನಲ್ಲಿ ಕೂತರೂ ಸಿಗುತ್ತಿತ್ತು. ನಮ್ಮ 24 ಪುಟದಲ್ಲಿ ಈ ಮಾತು ಒಂದು ಕಡೆಯೂ ಇರಲಿಲ್ಲ. ನಮಗೆ ಅದು ಹೇಳಬೇಕಾದ ವಿಷಯ ಅಂತಲೇ ಅನಿಸಿರಲಿಲ್ಲ.

ಪಾಸ್‌ವರ್ಡಿನದೂ ಹಾಗೇ. ನಾವು ಕೊಡುತ್ತಿದ್ದದ್ದು ಒಂದು ದೊಡ್ಡಕ್ಷರ, ಒಂದು ಅಟ್ ಚಿಹ್ನೆ, ನಾಲ್ಕು ಅಂಕಿ. ಫೋನಿನಲ್ಲೇ ಎಲ್ಲ ಮಾಡಿದ ಹುಡುಗರಿಗೆ ಶಿಫ್ಟ್ ಹಿಡಿದುಕೊಂಡು 2 ಒತ್ತಬೇಕು ಅನ್ನುವುದು ಯಾರು ಹೇಳಿದ್ದಾರೆ? ದೊಡ್ಡಕ್ಷರಕ್ಕೆ ಕ್ಯಾಪ್ಸ್ ಲಾಕ್ ಒತ್ತುತ್ತಾರೆ, ಆರಿಸುವುದು ಮರೆಯುತ್ತಾರೆ. ಐದು ಸಲ ತಪ್ಪಾದರೆ ಅಕೌಂಟ್ ಲಾಕ್. ಆಮೇಲೆ ನನ್ನ ಬಾಗಿಲು.

ಹಾಗಾಗಿ ದೊಡ್ಡಕ್ಷರ, ಚಿಹ್ನೆ, ಅಂಕಿ ಬೇಕೇ ಬೇಕು ಅನ್ನುವ ಕಾಂಪ್ಲೆಕ್ಸಿಟಿ ಪಾಲಿಸಿ ತೆಗೆದು ಕನಿಷ್ಠ ಉದ್ದ 14 ಅಕ್ಷರ ಮಾಡಿದೆ. ಇದಕ್ಕೆ ಸಮಿತಿಯಲ್ಲಿ ದೊಡ್ಡ ಗಲಾಟೆ. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಚಿಹ್ನೆ-ಅಂಕಿಯ ಒತ್ತಾಯ ಬೇಡ, ಉದ್ದ ಮುಖ್ಯ ಅಂತ ಹೇಳಿದ ಹಾಳೆಯನ್ನು ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟೆ. ಓದಿದರೋ ಇಲ್ಲವೋ, ಒಪ್ಪಿದರು. ಈಗ ಇಂಗ್ಲಿಷ್ ಅಕ್ಷರದಲ್ಲಿ ಮೂರು ಕನ್ನಡ ಪದ, ಮಧ್ಯೆ ಚುಕ್ಕಿ. ಉದಾಹರಣೆಗೆ ಹಸು, ನದಿ, ಗಿಡ. ಚುಕ್ಕಿ ಸೇರಿ ಎಣಿಸಿ ನೋಡಿ, ಸರಿಯಾಗಿ 14.

ಇದರಲ್ಲೂ ಮೊದಲ ಪಟ್ಟಿ ಕೈಕೊಟ್ಟಿತು. ಮಾವು, ಕಾಗೆ ಅಂತೆಲ್ಲ ಹಾಕಿದ್ದೆ. ಪಾಸ್‌ವರ್ಡ್ ಬರೆದು ಕೊಟ್ಟ ಚೀಟಿಯಲ್ಲಿ ಒಂದೇ ‘ಎ’ ಇದ್ದರೂ ಹುಡುಗರು ಬಾಯಲ್ಲಿ ಹೇಳಿಕೊಂಡು ಎರಡು ‘ಎ’ ಒತ್ತುತ್ತಿದ್ದರು. ದೀರ್ಘ ಇರುವ ಪದ ಪೂರ್ತಿ ತೆಗೆದೆ. ಒತ್ತಕ್ಷರ ತೆಗೆದೆ. ‘ಳ’ ಇರುವುದನ್ನೂ ತೆಗೆದೆ. ‘ಮಳೆ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಅದು ಬೇರೇನೋ ಓದಿಸುತ್ತದೆ, ಹುಡುಗಿಯರ ಚೀಟಿಯಲ್ಲಿ ಅದು ಬಂದು ಲ್ಯಾಬ್ ಪೂರ್ತಿ ನಗು. ಕೊನೆಗೆ ಉಳಿದ ಪದಗಳ ಪಟ್ಟಿ ಎಷ್ಟು ಉದ್ದ, ಯಾವ ರೀತಿ ಆರಿಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಕಾರಣ ನಿಮಗೇ ಗೊತ್ತು.

ಕನ್ನಡ ಲಿಪಿಯಲ್ಲೇ ಪಾಸ್‌ವರ್ಡ್ ಕೊಟ್ಟರೆ ಹೇಗೆ ಅಂತಲೂ ಹತ್ತು ಜನರ ಮೇಲೆ ಪ್ರಯೋಗ ಮಾಡಿದೆ. ಆಸೆ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರಕ್ಕೆ ಸಂಕೇತ ಕೊಡುವ ಯೂನಿಕೋಡಿನಲ್ಲಿ ‘ಕೊ’ ಬರೆಯುವುದಕ್ಕೆ ಎರಡು ದಾರಿ ಇದೆ: ಒಂದೇ ಚಿಹ್ನೆ, ಅಥವಾ ಎತ್ವದ ಚಿಹ್ನೆ ಮತ್ತು ಊ ಚಿಹ್ನೆ ಎರಡನ್ನೂ ಜೋಡಿಸಿ. ಕಣ್ಣಿಗೆ ಒಂದೇ ಥರ, ಸರ್ವರಿಗೆ ಬೇರೆ ಬೇರೆ. ಅದರ ಮೇಲೆ ಒತ್ತಕ್ಷರ ಆಗದ ಹಾಗೆ ತಡೆಯುವ, ಕಣ್ಣಿಗೆ ಕಾಣದ ಒಂದು ಅಕ್ಷರ ಬೇರೆ. ಎರಡೇ ದಿನಕ್ಕೆ ಕೈಬಿಟ್ಟೆ.

ಈಗ ಮುಖ್ಯ ಕೆಲಸಕ್ಕೆ ಬರುತ್ತೇನೆ. 20 ಜನರ ಬ್ಯಾಚ್, 50 ನಿಮಿಷ, ಒಬ್ಬೊಬ್ಬರಿಗೆ ಒಂದು ಸೀಟು. ಐದು ಜನಕ್ಕೆ ಒಬ್ಬ ಸೀನಿಯರ್. ಸೀನಿಯರಿಗೆ ಒಂದೇ ನಿಯಮ: ಕೈ ಹಿಂದೆ ಕಟ್ಟಿ ನಿಲ್ಲಬೇಕು. ಮೌಸ್ ಮುಟ್ಟಿದರೆ ಆ ದಿನದ ದುಡ್ಡು ಇಲ್ಲ. ಮೊದಲ ದಿನ ಇದು ಹೇಳಿರಲಿಲ್ಲ. ಸೀನಿಯರ್‌ಗಳು ‘ಇಲ್ಲಿ ಕೊಡು’ ಅಂತ ಮೌಸ್ ಕಿತ್ತುಕೊಂಡು ಪಟಪಟ ಮಾಡಿಕೊಟ್ಟು ಹೋದರು. ಜೂನಿಯರ್‌ಗೆ ಏನೂ ತಲೆಗೆ ಹೋಗಲಿಲ್ಲ. ಎರಡನೇ ದಿನದಿಂದ ಕೈ ಹಿಂದೆ.

ಹೊಸಬರು ಮಾಡಬೇಕಾದ್ದು ಇಷ್ಟೇ. ಲಾಗಿನ್ ಆಗಿ ತಮ್ಮ ಊರಿನ ಹೆಸರು ಒಂದು ಫೈಲಿನಲ್ಲಿ ಬರೆದು ಎಚ್ ಡ್ರೈವಿನಲ್ಲಿ ಉಳಿಸಬೇಕು. ಲಾಗೌಟ್ ಆಗಬೇಕು. ಎದ್ದು ಎರಡು ಸೀಟು ಆಚೆ ಹೋಗಿ ಮತ್ತೆ ಲಾಗಿನ್ ಆಗಿ ಅದೇ ಫೈಲ್ ತೆಗೆಯಬೇಕು. ಊರಿನ ಹೆಸರು ಹೊಸ ಮೆಷಿನ್ನಿನಲ್ಲಿ ಕಂಡಾಗ ಮುಖ ನೋಡಬೇಕು ಅವರದ್ದು. ‘ಅಣ್ಣ, ಇಲ್ಲೂ ಬಂತು!’ ಮೂರನೇ ಸಲ ಇನ್ನೊಂದು ಲ್ಯಾಬಿಗೆ ನಡೆದು ಹೋಗಿ ಅಲ್ಲಿ ತೆಗೆಯಬೇಕು. ಈ ಮೂರನೇ ಸುತ್ತು ಬೇಡ, ಟೈಮ್ ವೇಸ್ಟ್ ಅಂದವರೇ ಜಾಸ್ತಿ. ನನ್ನ ಪ್ರಕಾರ ಕೆಲಸ ಮಾಡಿದ್ದೇ ಅದು. ಎರಡು ಬ್ಯಾಚಿಗೆ ಬಿಟ್ಟು ನೋಡಿದೆ, ಆಮೇಲೆ ದೂರು ಬಂದದ್ದು ಹೆಚ್ಚಾಗಿ ಅವೆರಡರಿಂದಲೇ.

ಸೀನಿಯರ್‌ಗಳನ್ನು ಕಂಪ್ಯೂಟರ್ ಸೈನ್ಸ್ ವಿಭಾಗದಿಂದ ತೆಗೆದುಕೊಳ್ಳಲಿಲ್ಲ. ಇದಕ್ಕೂ ನಕ್ಕರು. ಆ ವಿಭಾಗದವರು ಲಾಗಿನ್ ಹೇಳಿಕೊಡು ಅಂದರೆ ಅಕೌಂಟ್ ಪರೀಕ್ಷಿಸುವ ಸರ್ವರ್, ಅಂದರೆ ಡೊಮೇನ್ ಕಂಟ್ರೋಲರ್‌ನಿಂದ ಶುರು ಮಾಡುತ್ತಾರೆ. ನಾನು ಆರಿಸಿದ್ದು ಕನ್ನಡ, ಇತಿಹಾಸ, ಸಮಾಜಶಾಸ್ತ್ರ ಎಂ.ಎ. ಮಾಡುತ್ತಿದ್ದ, ಹೋದ ವರ್ಷ ನನ್ನ ಬಾಗಿಲಲ್ಲಿ ಮೂರು ಮೂರು ಸಲ ನಿಂತವರನ್ನೇ. ಎಲ್ಲಿ ಎಡವುತ್ತಾರೆ ಅಂತ ಅವರಿಗೆ ಗೊತ್ತಲ್ವಾ.

ಹೀಗೆಲ್ಲ ಮಾಡಿದರೂ ಮೂರನೇ ದಿನ ಎರಡನೇ ಲ್ಯಾಬಿನಲ್ಲಿ ಒಂದು ಸಾಲು ಪೂರ್ತಿ ಲಾಗಿನ್ ಆಗಲೇ ಇಲ್ಲ. ಪಾಸ್‌ವರ್ಡ್ ಸರಿ, ಕೇಬಲ್ ಸರಿ. ಅರ್ಧ ದಿನ ನೆಟ್‌ವರ್ಕ್ ಸ್ವಿಚ್ ಬಿಚ್ಚಿ ಹಾಕಿದೆ. ಆಮೇಲೆ ಪರದೆಯ ಮೂಲೆ ನೋಡಿದರೆ ತಾರೀಕು 2009! ಅಟೆಂಡರ್ ಸಂಜೆ ಕರೆಂಟಿನ ಮೇನ್ ಆರಿಸಿ ಹೋಗುತ್ತಾರೆ, ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವ ಮದರ್‌ಬೋರ್ಡಿನ ಬಟನ್ ಸೆಲ್ ಸತ್ತಿದೆ, ಗಡಿಯಾರ ಹಿಂದಕ್ಕೆ ಓಡಿದೆ. ಲಾಗಿನ್ ಪರೀಕ್ಷಿಸುವ ಕೆರ್ಬೆರೋಸ್‌ಗೆ ಸರ್ವರಿನ ಗಡಿಯಾರಕ್ಕೂ ಮೆಷಿನ್ನಿನದ್ದಕ್ಕೂ ಐದು ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಆಗುವುದಿಲ್ಲ ಅಂತ ನಾವೆಲ್ಲ ಓದಿದ್ದೇವೆ, ಹೊತ್ತಿಗೆ ನೆನಪಾಗುವುದಿಲ್ಲ. ಸಿಆರ್ 2032 ಸೆಲ್, ಸಗಟಿನಲ್ಲಿ ಒಂದಕ್ಕೆ 25ರ ಹಾಗೆ 70 ತಂದು ಎಲ್ಲ ಹಳೇ ಮೆಷಿನ್‌ಗೂ ಬದಲಿಸಿದೆ.

ವೈಫೈದು ಇನ್ನೊಂದು ತಲೆನೋವು. ಒಬ್ಬರಿಗೆ ಎರಡು ಡಿವೈಸ್ ಅಂತ ಮಿತಿ ಇಟ್ಟಿದ್ದೆವು. ಒಂದೇ ಫೋನ್ ಇರುವ ಹುಡುಗರೂ ‘ಮಿತಿ ಮುಗಿದಿದೆ’ ಅಂತ ಬರುತ್ತಿದ್ದರು. ಆಂಡ್ರಾಯ್ಡ್ 10 ಮತ್ತು ಐಫೋನಿನ ಐಒಎಸ್ 14ರಿಂದ ಈಚೆಗೆ ಫೋನುಗಳು ಪ್ರತಿ ವೈಫೈ ಹೆಸರಿಗೂ ಬೇರೆ ಬೇರೆ ಮ್ಯಾಕ್ ವಿಳಾಸ (ನೆಟ್‌ವರ್ಕ್ ಡಿವೈಸನ್ನು ಗುರುತಿಸುವ ನಂಬರು) ತೋರಿಸುತ್ತವೆ. ನಮ್ಮಲ್ಲಿ ಹಾಸ್ಟೆಲ್‌ಗೆ ಒಂದು ಹೆಸರು, ಲೈಬ್ರರಿಗೆ ಒಂದು, ವಿಭಾಗಕ್ಕೆ ಒಂದು. ಹಾಗಾಗಿ ಒಂದು ಫೋನ್ ಲೆಕ್ಕದಲ್ಲಿ ಮೂರು. ಇಡೀ ಕ್ಯಾಂಪಸ್ಸಿಗೆ ಒಂದೇ ಹೆಸರು ಮಾಡಿದ ದಿನ ಆ ದೂರು ನಿಂತಿತು. ಖರ್ಚು ಸೊನ್ನೆ. ಒಬ್ಬರೇ ಎರಡು ಕಡೆ ಲಾಗಿನ್ ಆಗಿ ಕೂರುವುದನ್ನು ತಡೆಯಲು ಒಂದು ಸಣ್ಣ ಸ್ಕ್ರಿಪ್ಟ್ ಬರೆದಿದ್ದೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ದುಡ್ಡಿನ ಲೆಕ್ಕ ನೆನಪಿನಿಂದ: 12 ಸೀನಿಯರ್, ಆರು ದಿನ, ದಿನಕ್ಕೆ 150 ಅಂದರೆ 10,800. ಸೆಲ್ಲಿಗೆ 1,750. ಚಹಾ, ಬನ್ನು 1,500ರ ಹತ್ತಿರ. ಚೀಟಿ ಪ್ರಿಂಟಿಗೆ ನಾನೂರು. ಒಟ್ಟು 14,500ರ ಒಳಗೆ, ಆ ಕೈಪಿಡಿಗಿಂತ ಕಮ್ಮಿ. ಮೊದಲ ವಾರದ ದೂರು ಈ ಸಲ ನಲವತ್ತರ ಆಸುಪಾಸು, ಅದರಲ್ಲೂ ಹತ್ತಿಪ್ಪತ್ತು ಚೀಟಿ ಕಳೆದುಕೊಂಡವರದ್ದು. ‘ಚೀಟಿ ಕೊಟ್ರೆ ಕಳೀತಾರೆ ಸರ್’ ಅಂತ ನಮ್ಮ ಸೂಪರಿಂಟೆಂಡೆಂಟ್ ಮೊದಲೇ ಹೇಳಿದ್ದರು. ಅವರದ್ದೂ ಒಂದು ಮಾತು ನಿಜವಾಗಲಿ ಬಿಡಿ.

ಪ್ರಿಂಟರ್ ಕೋಣೆ ಮಾತ್ರ ಇನ್ನೂ ಸರಿಹೋಗಿಲ್ಲ. ಒಂದು ಪುಟ ಬರಲಿಲ್ಲ ಅಂತ ಹನ್ನೆರಡು ಸಲ ಒತ್ತುತ್ತಾರೆ, ಆಮೇಲೆ ಹನ್ನೆರಡೂ ಬರುತ್ತದೆ. ಮುಂದಿನ ತಿಂಗಳು ಅಲ್ಲೂ ಹಿಂದಿನ ಬೆಂಚಿನಲ್ಲಿ ಒಂದು ದಿನ ಕೂರಬೇಕು ಅಂತಿದ್ದೇನೆ. ಸೆಲ್ಲಿನ ಬಿಲ್ಲು ಇನ್ನೂ ಪಾಸಾಗಿಲ್ಲ.