ತಾಲ್ಲೂಕು ಲ್ಯಾಬ್‌ನಲ್ಲೇ ಆ್ಯಂಟಿ-ಸಿಸಿಪಿ: ನನ್ನ ಅನುಭವ

"ಆ್ಯಂಟಿ-ಸಿಸಿಪಿ ಎಲಿಸಾ ತಾಲ್ಲೂಕು ಊರಲ್ಲಿ ಗಿಟ್ಟಲ್ಲ, ಸ್ಯಾಂಪಲ್ ಬೆಂಗಳೂರಿಗೆ ಕಳಿಸಿ" ಎಂದವರೇ ಜಾಸ್ತಿ. ಆ್ಯಂಟಿ-ಸಿಸಿಪಿ ಅಂದರೆ ಸಂಧಿವಾತ (ರುಮಟಾಯ್ಡ್ ಆರ್ಥರೈಟಿಸ್) ಇರುವವರ ರಕ್ತದಲ್ಲಿ ಸಿಗುವ ಆ್ಯಂಟಿಬಾಡಿ, ಎಲಿಸಾ ಅಂದರೆ ಸಣ್ಣ ಗುಳಿಗಳ ಪ್ಲೇಟ್‌ನಲ್ಲಿ ಅದನ್ನು ಅಳೆಯುವ ಪರೀಕ್ಷೆ. ಹಾವೇರಿ ಕಡೆಯ ನಮ್ಮ ಲ್ಯಾಬ್‌ನಲ್ಲಿ ಈಗ ವಾರಕ್ಕೊಮ್ಮೆ ಪ್ಲೇಟ್ ಹಾಕುತ್ತೇವೆ.

ಹಟ ಹಿಡಿಯಲು ಕಾರಣ ಆರ್‌ಎಫ್ ಲೇಟೆಕ್ಸ್, ಅಂದರೆ ಸಂಧಿವಾತಕ್ಕೆ ಸ್ಲೈಡ್ ಮೇಲೆ ಮಾಡುವ ಹಳೆಯ ಪರೀಕ್ಷೆ. ಸೀರಮ್ (ರಕ್ತದ ತಿಳಿ) ಬೆರೆಸಿದಾಗ ಕಾಳುಗಟ್ಟಿದರೆ ಪಾಸಿಟಿವ್. 2006ರ ಚಿಕೂನ್‌ಗುನ್ಯಾ ಆದಮೇಲೆ ಗಂಟು ನೋವಿನವರು ತಿಂಗಳುಗಟ್ಟಲೆ ಬರುತ್ತಿದ್ದರು. ವಯಸ್ಸಾದವರಲ್ಲಿ, ಟಿಬಿ, ಹೆಪಟೈಟಿಸ್ ಸಿ ಇದ್ದವರಲ್ಲೂ ಸಂಧಿವಾತ ಇಲ್ಲದೆಯೇ ಲೇಟೆಕ್ಸ್ ಕಾಳುಗಟ್ಟಬಹುದು. ಬರೀ ಅದನ್ನು ನಂಬಿ ಸಂಧಿವಾತ ಅನ್ನುವುದು ಹೇಗೆ, ಅಲ್ವಾ? ಇನ್ನೊಂದು ಕಡೆ, ಆ್ಯಂಟಿಬಾಡಿ ತೀರಾ ಜಾಸ್ತಿ ಇದ್ದರೆ ನೇರ ಸೀರಮ್ ಸ್ಲೈಡ್ ಮೇಲೆ ಹಾಲಿನಂತೆ ನುಣ್ಣಗೇ ಉಳಿಯುತ್ತದೆ. ಅದನ್ನೇ 20 ಪಟ್ಟು ತೆಳು ಮಾಡಿದರೆ ಕ್ಷಣದಲ್ಲಿ ಕಾಳುಕಾಳಾಗುತ್ತದೆ. ಅನುಮಾನ ಬಂದರೆ ತೆಳು ಮಾಡದೆ ನೆಗೆಟಿವ್ ಬರೆಯಬೇಡಿ.

ಮೊದಲ ಕಿಟ್‌ಗೆ ಸುಮಾರು 20 ಸಾವಿರ ಕೊಟ್ಟಿದ್ದೆ. ಮುಕ್ಕಾಲು ಪಾಲು ಅವಧಿ ಮುಗಿದು ಕಸದ ಬುಟ್ಟಿಗೆ ಹೋಯಿತು. ಪ್ಲೇಟ್‌ಗೆ 12 ಸ್ಟ್ರಿಪ್, ಒಂದೊಂದರಲ್ಲಿ ಎಂಟು ವೆಲ್ (ಗುಳಿ). ಪ್ರತಿ ಸಲ ಒಂದು ಸ್ಟ್ರಿಪ್ ಅಳತೆ ಸರಿನೋಡುವ ಸ್ಟ್ಯಾಂಡರ್ಡ್, ಕಂಟ್ರೋಲ್‌ಗೇ ಹೋಗುತ್ತದೆ. ಬಂದ ಹಾಗೆ ಎರಡು, ಮೂರು ಸ್ಯಾಂಪಲ್ ಹಾಕಿದರೆ ದಿವಾಳಿ. ಈಗ ಸೀರಮ್ ಬೇರ್ಪಡಿಸಿ ಮೈನಸ್ 20ರಲ್ಲಿಟ್ಟು, 24 ಸೇರಿದಾಗ ನಾಲ್ಕು ಸ್ಟ್ರಿಪ್ ಬಿಚ್ಚುತ್ತೇವೆ. ಒಂದು ಕಿಟ್‌ಗೆ 70 ಜನರಾದರೂ ಆಗುತ್ತಾರೆ. ಬೆಂಗಳೂರಿನ ದರದ ಅರ್ಧಕ್ಕೇ ಮಾಡಿದರೂ ಕೈಯಲ್ಲಿ ಉಳಿಯುತ್ತದೆ.

ಏಪ್ರಿಲ್ ಬಿಸಿಲಿಗೆ ಅಂಚಿನ ವೆಲ್‌ಗಳು ಒಣಗಿ ರೀಡಿಂಗ್ ಕುಣಿಯುತ್ತಿತ್ತು. ಒದ್ದೆ ಹತ್ತಿ ಇಟ್ಟ ಡಬ್ಬಿಯೊಳಗೆ ಪ್ಲೇಟ್ ಇಟ್ಟ ಮೇಲೆ ಸರಿಹೋಯಿತು. ಸೀರಮ್ ಹಾಕುವ ಕ್ರಮದಲ್ಲೂ ಒಂದು ಉಪಾಯವಿದೆ, ಅದು ಸದ್ಯಕ್ಕೆ ನಮ್ಮಲ್ಲೇ ಇರಲಿ.

ನಡುವೆ ಇನ್ನೊಂದು ಹುಚ್ಚು. ಸಿಸಿಪಿಗೆ ದಾರಿ ತೋರಿದ, 1964ರ ಪೆರಿನ್ಯೂಕ್ಲಿಯರ್ ಫ್ಯಾಕ್ಟರ್ ಪರೀಕ್ಷೆ. ಟಿಬಿಗೆಂದು ತಂದ ಎಲ್‌ಇಡಿ ಮೈಕ್ರೋಸ್ಕೋಪ್‌ನಲ್ಲಿ ನಮ್ಮ ಹುಡುಗರ ಕೆನ್ನೆಯೊಳಗಿನ ಜೀವಕೋಶದ ಮೇಲೆ ರೋಗಿಯ ಸೀರಮ್, ಹೊಳೆಯುವ ಬಣ್ಣ ಹಾಕಿ ಇಟ್ಟು ನೋಡಿದೆ. ಎಲ್ಲರ ಕೋಶವೂ ಒದಗುವುದಿಲ್ಲ. ಒಬ್ಬನದರಲ್ಲಿ ಮಾತ್ರ ನ್ಯೂಕ್ಲಿಯಸ್ ಸುತ್ತ ಹಸಿರು ಚುಕ್ಕಿ ಮಿನುಗಿತು. ಖುಷಿ ಆಯಿತು, ಆದರೆ ದಿನದ ಕೆಲಸಕ್ಕಾಗದು.

ರಿಪೋರ್ಟ್‌ನಲ್ಲಿ ಬರೀ ಪಾಸಿಟಿವ್ ಅಂತ ಬರೆಯಲ್ಲ. ಸಹಜ ಮಿತಿಯ ಮೂರು ಪಟ್ಟು ದಾಟಿದೆಯೋ ಇಲ್ಲವೋ ಹೇಳುತ್ತೇವೆ. ಸಂಧಿವಾತ ಗುರುತಿಸುವ 2010ರ ಅಂತರರಾಷ್ಟ್ರೀಯ ಮಾನದಂಡದಲ್ಲಿ ಮೂರು ಪಟ್ಟು ದಾಟಿದರೆ 3 ಅಂಕ, ಪಾಸಿಟಿವ್ ಆಗಿಯೂ ಅಷ್ಟು ದಾಟದಿದ್ದರೆ 2. ಒಟ್ಟು 10ರಲ್ಲಿ 6 ಬೇಕು. ನೆಗೆಟಿವ್ ಬಂದವರಲ್ಲೂ ಕಾಯಿಲೆ ಇರಬಹುದು, ಗೆಣ್ಣು ಊದಿದ್ದರೆ ಡಾಕ್ಟರಿಗೆ ಫೋನ್ ಮಾಡುತ್ತೇನೆ. ಟಿಬಿ ಜೋರಾಗಿದ್ದಾಗ ಸಿಸಿಪಿಯೂ ಏರಬಹುದು, ಕೆಮ್ಮುವವರ ಕಫವನ್ನೂ ಕೇಳಿ.

ಪಕ್ಕದ ಎರಡು ಲ್ಯಾಬ್‌ನವರು ಈಗ ಸೀರಮ್ ನಮಗೇ ಕಳಿಸುತ್ತಾರೆ. ಇನ್ನೊಂದು ಸೇರಿದರೆ ವಾರಕ್ಕೆರಡು ಸಲ ಹಾಕಬಹುದು.