ಡೇರಿಯ ಕಂಪ್ರೆಸರ್ ಬಿಸಿಯಾಗುತ್ತಿದೆಯೇ? ಗ್ಯಾಸಿಗೆ ಮೊದಲು ಗಾಳಿ ನೋಡಿ

ಏಪ್ರಿಲ್ ಬಂತೆಂದರೆ ಕೋಲಾರ ಕಡೆಯ ಹಳ್ಳಿ ಡೇರಿಗಳಲ್ಲಿ ಒಂದೇ ದೂರು. ಹಾಲು ಬೇಗ ತಣ್ಣಗಾಗುತ್ತಿಲ್ಲ, ಕಂಪ್ರೆಸರ್ ಮತ್ತೆ ಮತ್ತೆ ಟ್ರಿಪ್ ಆಗುತ್ತಿದೆ. ಕೂಡಲೇ ಯಾರಾದರೂ ‘ಗ್ಯಾಸ್ ಕಮ್ಮಿಯಾಗಿದೆ, ತುಂಬಿಸಿ’ ಅನ್ನುತ್ತಾರೆ. ಗ್ಯಾಸಿನ ವಿಚಾರ ಕೊನೆಗಿರಲಿ.

ಸಾವಿರ ಲೀಟರ್ ಹಾಲನ್ನು 35 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಲು ಸುಮಾರು 35 ಯೂನಿಟ್‌ನಷ್ಟು ಶಾಖ ತೆಗೆಯಬೇಕು. ಇದು ಕರೆಂಟ್ ಬಿಲ್ಲಿನ ಲೆಕ್ಕವಲ್ಲ, ಹಾಲಿನಲ್ಲಿರುವ ಬಿಸಿಯ ಲೆಕ್ಕ. ಕಂಪ್ರೆಸರ್ ಎಳೆಯುವ ಕರೆಂಟೂ ಕೊನೆಗೆ ಬಿಸಿಯೇ ಆಗುತ್ತದೆ. ಬಹುಪಾಲು ಎಲ್ಲವೂ ಕಂಡೆನ್ಸರ್, ಅಂದರೆ ಫ್ಯಾನ್ ಗಾಳಿಗೆ ಗ್ಯಾಸಿನ ಬಿಸಿಯನ್ನು ಬಿಟ್ಟುಕೊಡುವ ಜಾಲರಿಯಂಥ ಭಾಗದ ಮೂಲಕವೇ ಹೊರಗೆ ಹೋಗಬೇಕು. ಕಂಡೆನ್ಸರ್‌ನಲ್ಲಿ ಗ್ಯಾಸಿನ ಉಷ್ಣತೆ ಒಂದು ಡಿಗ್ರಿ ಏರಿದರೆ ಕರೆಂಟ್ ಖರ್ಚು ಹೆಚ್ಚೂಕಮ್ಮಿ ನೂರಕ್ಕೆ 2–3ರಷ್ಟು ಏರುತ್ತದೆ. ದೂಳು ಕಟ್ಟಿ ಗಾಳಿ ಹೋಗದಿದ್ದರೆ ಈ ಉಷ್ಣತೆ ಏರುತ್ತದೆ. ಅದಕ್ಕೇ ಮೊದಲ ಕೆಲಸ ಕಂಡೆನ್ಸರ್ ದೂಳು ತೆಗೆಯುವುದು.

ಮೇನ್ ಸ್ವಿಚ್ ಆಫ್ ಮಾಡಿ, ಫ್ಯಾನ್ ಪೂರ್ತಿ ನಿಲ್ಲಲಿ. ಗಾಳಿ ಒಳಗೆ ಎಳೆಯುವ ಕಡೆ ದೂಳು, ಹುಲ್ಲಿನ ಚೂರು ಕಟ್ಟಿಕೊಂಡಿರುತ್ತವೆ. ಮೃದುವಾದ ಬ್ರಷ್‌ನಿಂದ ಫಿನ್‌ಗಳ (ಕಂಡೆನ್ಸರ್ ಮೇಲಿನ ತೆಳು ತಗಡಿನ ಪಟ್ಟಿಗಳ) ಉದ್ದಕ್ಕೆ, ಮೇಲಿಂದ ಕೆಳಕ್ಕೆ ಉಜ್ಜಿ. ಅಡ್ಡ ಉಜ್ಜಿದರೆ ಫಿನ್ ಮಡಚಿಕೊಳ್ಳುತ್ತವೆ. ಆಮೇಲೆ ಫ್ಯಾನಿನ ಕಡೆಯಿಂದ ಬ್ಲೋವರ್ ಹಿಡಿದರೆ ಸಿಕ್ಕಿಕೊಂಡ ದೂಳು ಬಂದ ದಾರಿಯಲ್ಲೇ ಹೊರಬರುತ್ತದೆ. ಗಾಡಿ ತೊಳೆಯುವ ಪ್ರೆಷರ್ ಪೈಪ್ ಮಾತ್ರ ಬೇಡ. ಮಣ್ಣಿನ ರಸ್ತೆ ಪಕ್ಕದ ಡೇರಿಯಾದರೆ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಇದನ್ನು ಮಾಡಿ. ಇಷ್ಟು ಅಗ್ಗದ, ಇಷ್ಟು ಫಲ ಕೊಡುವ ರಿಪೇರಿ ಇನ್ನೊಂದಿಲ್ಲ.

ಈಗ ಜಾಗ ನೋಡಿ. ಎಷ್ಟೋ ಕಡೆ ಕಂಪ್ರೆಸರ್, ಕಂಡೆನ್ಸರ್ ಕೂಡಿದ ಯೂನಿಟ್ಟನ್ನು ಮೂಲೆಗೆ ತಳ್ಳಿ, ಮುಂದೆ ಪಶು ಆಹಾರದ ಮೂಟೆ ಪೇರಿಸಿರುತ್ತಾರೆ. ಹೊರಬಂದ ಬಿಸಿಗಾಳಿ ಗೋಡೆಗೆ ಬಡಿದು ಮತ್ತೆ ಕಂಡೆನ್ಸರ್‌ಗೇ ಬರುತ್ತದೆ. ಮೂಟೆ ತೆಗೆಯಿರಿ, ಬಿಸಿಗಾಳಿ ನೇರ ಹೊರಹೋಗುವಂತೆ ಕಿಟಕಿ ಬಿಡಿ. ಹೊರಗಿಟ್ಟ ಯೂನಿಟ್ಟಾದರೆ ಎತ್ತರದಲ್ಲಿ ನೆರಳಿನ ಶೀಟ್ ಹಾಕಿಸಿ, ಸುತ್ತ ಮುಚ್ಚಬೇಡಿ.

ಮೂರನೆಯದು ಕಂಪ್ರೆಸರ್‌ಗೆ ವಾಪಸ್ ಬರುವ ದಪ್ಪ ಪೈಪ್. ಸೀಲ್ ಮಾಡಿದ ಕಂಪ್ರೆಸರ್‌ಗಳಲ್ಲಿ ಮೋಟರನ್ನು ತಂಪಾಗಿಡುವುದು ಸಾಮಾನ್ಯವಾಗಿ ಇದೇ ಪೈಪಿನಲ್ಲಿ ಬರುವ ತಣ್ಣನೆ ಗ್ಯಾಸ್. ಪೈಪಿನ ಮೇಲಿನ ಕಪ್ಪು ಸ್ಪಂಜು ಹರಿದಿದ್ದರೆ ಗ್ಯಾಸ್ ದಾರಿಯಲ್ಲೇ ಬಿಸಿಯಾಗುತ್ತದೆ. ಹೊಸದು ಹಾಕಿ, ಸಂದಿಗಳಿಗೆ ಟೇಪ್ ಸುತ್ತಿ.

ವೋಲ್ಟೇಜ್ ಕುಸಿದರೂ ಮೋಟರ್ ಬಿಸಿಯಾಗುತ್ತದೆ. ಮೂರು ಫೇಸ್‌ನಲ್ಲಿ ಒಂದು ಹೋದರೆ ಸುಟ್ಟೇ ಹೋಗಬಹುದು. ಫೇಸ್ ಹೋದಾಗ ಮೋಟರ್ ನಿಲ್ಲಿಸುವ ಪ್ರಿವೆಂಟರ್ ಇದೆಯಾ, ಕೆಲಸ ಮಾಡುತ್ತಿದೆಯಾ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಕರೆಂಟ್ ಹೋಗಿ ಬಂದಾಗ ಮೂರರಿಂದ ಐದು ನಿಮಿಷ ತಡೆದು ಚಾಲೂ ಮಾಡುವ ಟೈಮರ್ ಕೂಡ ಬೇಕು. ಅಷ್ಟರಲ್ಲಿ ಕಂಪ್ರೆಸರ್‌ನ ಎರಡೂ ಕಡೆಯ ಗ್ಯಾಸ್ ಒತ್ತಡದ ನಡುವಿನ ವ್ಯತ್ಯಾಸ ಒಂದಿಷ್ಟು ಇಳಿಯುತ್ತದೆ.

ಇಷ್ಟೆಲ್ಲ ಆದ ಮೇಲೂ ಟ್ರಿಪ್ ಆಗುತ್ತಿದ್ದರೆ ಮೆಕ್ಯಾನಿಕ್‌ನನ್ನು ಕರೆಯಿರಿ. ಗ್ಯಾಸ್ ಕಮ್ಮಿಯಾದರೂ ಮೋಟರ್ ಬಿಸಿಯಾಗುತ್ತದೆ, ನಿಜ. ಆದರೆ ಸರಿಯಾಗಿ ಬೆಸೆದ ಪೈಪಿನಲ್ಲಿ ಗ್ಯಾಸ್ ಸುಮ್ನೆ ಖಾಲಿಯಾಗುವುದಿಲ್ಲ, ಎಲ್ಲೋ ಸೋರಿರುತ್ತದೆ. ಸೋರಿಕೆ ಹುಡುಕಿ ಬೆಸುಗೆ ಹಾಕಿ, ವ್ಯಾಕ್ಯೂಮ್ ಮಾಡಿ (ಪೈಪಿನೊಳಗಿನ ಗಾಳಿ ಎಳೆದು ತೆಗೆದು), ಯಂತ್ರದ ಪ್ಲೇಟಿನಲ್ಲಿ ಬರೆದಷ್ಟೇ ಗ್ಯಾಸನ್ನು ತೂಕ ಹಾಕಿ ತುಂಬಲು ಹೇಳಿ. ಅಂದಾಜಿಗೆ ಜಾಸ್ತಿ ತುಂಬಿದರೆ ಕಂಡೆನ್ಸರ್‌ನ ಒತ್ತಡ ಮತ್ತೆ ಏರುತ್ತದೆ.